ಆ ಕತ್ತೆಯ ಪಾಲು

ಅಧ್ಯಕ್ಷರ ಮನೆ, ಸಾನ್ ಬೆನಿತೊ
9 ಆಗಸ್ಟ್ 1871

ಪ್ರೀತಿಯ ಮಗ ಎಲೀಸೆಯೊ,

ಹೇಗಿದ್ದೀಯಪ್ಪಾ? ನದಿಯಾಚೆ ಚಳಿ ಇನ್ನೂ ಜೋರಂತೆ. ಎದೆಗೆ ಉಣ್ಣೆಬಟ್ಟೆ ಸುತ್ತಿಕೊಳ್ಳದೆ ಪತ್ರಿಕೆಯ ಕಚೇರಿಗೆ ಓಡಬೇಡ, ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೇ. ನನ್ನ ಮಂಡಿನೋವು ಹಾಗೇ ಇದೆ. ಈ ಮನೆಗೆ ಅರವತ್ತೆರಡು ಮೆಟ್ಟಿಲು, ಕಟ್ಟಿಸಿದವರನ್ನು ಬಯ್ದುಕೊಂಡೇ ದಿನಾ ಹತ್ತುತ್ತೇನೆ. ಈ ಪತ್ರವನ್ನು ನಿನಗಿಂತ ಮೊದಲು ಕಾರ್ಯದರ್ಶಿಯವರು ಓದುತ್ತಾರೆ. ನನ್ನ ಕಾಗುಣಿತ ನೋಡಿ ಅವರೂ ಸ್ವಲ್ಪ ನಗಲಿ.

ನಿನ್ನ ಅಪ್ಪ ಸೊರಗಿದ್ದಾರೆ. ಹೇಸರಗತ್ತೆ ಹೊಡೆಯುತ್ತಿದ್ದವನ ಮಗ, ಹದಿನೇಳಕ್ಕೆ ಬರಿಗಾಲಲ್ಲಿ ಸೈನ್ಯ ಸೇರಿ, ಗಡಿಯ ಯುದ್ಧ ಗೆದ್ದು ಜನರಲ್ ಆದರು. ಅಧ್ಯಕ್ಷರಾದ ದಿನ ನನ್ನ ಕಿವಿಯಲ್ಲಿ, "ಆರೇ ತಿಂಗಳು ಕಣೇ, ಆಮೇಲೆ ಕಿತ್ತಳೆ ತೋಟಕ್ಕೆ ಹೋಗಿಬಿಡೋಣ" ಅಂದಿದ್ದರು. ಹನ್ನೊಂದು ವರ್ಷವಾಯಿತು. ನೀನು ಇದನ್ನೇ ಪತ್ರಿಕೆಯಲ್ಲಿ ಬರೆದು ನದಿ ದಾಟಬೇಕಾಯಿತು. ನಾನೂ ಅದನ್ನೇ ಊಟದ ಮೇಜಿನಲ್ಲಿ ಹೇಳಿದೆ, "ನಿನಗೆ ಮಂಡಿನೋವು ತಲೆಗೇರಿದೆ, ಹೋಗಿ ಮಲಕ್ಕೋ" ಅಂದರು. ಜಗಳವಾಡಲು ನನ್ನಲ್ಲಿ ಶಕ್ತಿ ಉಳಿದಿಲ್ಲ ಮಗಾ.

ಸಂಜೆಯ ಯೆರ್ಬಾ ಎಲೆಯ ಕಷಾಯ ಮಾತ್ರ ತಪ್ಪಿಲ್ಲ. ಅದೇ ಹಳೆಯ ಸೋರೆಬುರುಡೆ, ಎಲ್ಲರಿಗೂ ಅದೇ ಒಂದು ಬೆಳ್ಳಿ ಕೊಳವೆ. ತುಂಬಿಕೊಡುವವಳು ನಾನು, ಮೊದಲ ಕಹಿ ಗುಟುಕು ನನ್ನದು, ಆಮೇಲೆ ಒಬ್ಬೊಬ್ಬರಿಗೂ ಸುತ್ತು. ನಿನಗೆ ನೆನಪಿದೆಯೇ, ಐದು ವರ್ಷದವನು ದೊಡ್ಡವರ ನಡುವೆ ಮೊದಲ ಸಲ ಕೂತು, ಒಂದು ಸಲ ಹೀರಿ, ಮರ್ಯಾದೆಯಿಂದ "ಉಪಕಾರ ಆಯ್ತು" ಅಂದುಬಿಟ್ಟೆ. ಹಾಗೆಂದವರಿಗೆ ಇನ್ನು ಬೇಡ ಎಂದು ಲೆಕ್ಕ. ಎರಡನೆಯ ಸುತ್ತಿನಲ್ಲಿ ಬುರುಡೆ ನಿನ್ನನ್ನು ದಾಟಿ ಮುಂದೆ ಹೋದಾಗ ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ನಿನ್ನನ್ನು ತೊಡೆಯ ಮೇಲೆ ಎಳೆದುಕೊಂಡು, "ಅಳಬೇಡ್ವೋ ಕತ್ತೆ, ಒಂದೇ ಕೊಳವೆಗೆ ಬಾಯಿಟ್ಟವರನ್ನ ನಾನು ಕೈಬಿಡಲ್ಲ" ಎಂದು ತಮ್ಮದನ್ನೇ ಕುಡಿಸಿದರು. ನೀನು ಹೋದ ಮೇಲೂ ನಿನ್ನ ಸರದಿಯನ್ನು ನಾನು ತಪ್ಪಿಸಿಲ್ಲ. ತುಂಬಿ ಅವರ ಮುಂದೆ ಹಿಡಿಯುತ್ತೇನೆ, "ಕೊಡಿಲ್ಲಿ ಆ ಕತ್ತೆ ಪಾಲು" ಎಂದು ಗೊಣಗುತ್ತಲೇ ಕುಡಿಯುತ್ತಾರೆ. ಮೂರು ವರ್ಷ ನಾನು ಬದುಕಿದ್ದು ಆ ಒಂದು ಗೊಣಗಾಟದ ಮೇಲೆ.

ಈಗ ಅವರು ಹೇಳಿ ಬರೆಸಿದ ಮಾತು: ನಿನ್ನ ಕ್ಷಮಾಪತ್ರಕ್ಕೆ ಸಹಿಯಾಗಿದೆ, ಇದರ ಜೊತೆಗೇ ಇದೆ. ಇಪ್ಪತ್ತೆಂಟಕ್ಕೆ ಸಂತ ಅಗುಸ್ತೀನರ ಹಬ್ಬ, ಅಪ್ಪನಿಗೆ ಹೆಸರು ಕೊಟ್ಟ ಸಂತರ ದಿನ. ಅಷ್ಟರೊಳಗೆ ಬಂದುಬಿಡಬೇಕಂತೆ. ದೋಣಿಕಟ್ಟೆಗೆ ಕುದುರೆಗಾಡಿ ಕಳಿಸುತ್ತಾರಂತೆ. ಅಡುಗೆಯ ರಾಮೋನಾ ನಿನಗಾಗಿ ಮರಗೆಣಸಿನ ಹಿಟ್ಟು, ಗಿಣ್ಣು ಕಲಸಿ ರೊಟ್ಟಿ ಸುಡುತ್ತೇನೆ ಎಂದು ಈಗಲೇ ಕುಣಿಯುತ್ತಿದ್ದಾಳೆ.

ಕನ್ಯಾಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ. ಬಾಡಿಗೆಮನೆಯ ಯಜಮಾನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಮ್ಮ
ಬೆನೀತಾ

ಮರೆತ ಮಾತು: ಕಾರ್ಯದರ್ಶಿ ಓದಿ ಮುಗಿಸಿ ಅರಗು ತರಲು ಹೋಗಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡಿದ್ದ ಸಿಪ್ರಿಯಾನೊ ಮಾಮ ಜ್ವರದಿಂದ ಸತ್ತ ಎಂದು ಬರೆದಿದ್ದೆನಲ್ಲ, ಸುಳ್ಳು. ಅವನೂ ಇಂಥದೇ ಕ್ಷಮಾಪತ್ರ ನಂಬಿ ಬಂದ. ಆ ಸಂಜೆ ಅವನು ಕುಡಿದ ಕೊಳವೆ ಅಪ್ಪನ ಸರದಿಗೆ ಬಂದಾಗ ಅವರು ಬಾಯಿಡಲಿಲ್ಲ, "ಉಪಕಾರ ಆಯ್ತು" ಅಂದರು. ಬೆಳಿಗ್ಗೆ ಲಾಯದ ಹಿಂದೆ ಗುಂಡಿನ ಸದ್ದು ನಾನೇ ಕೇಳಿದೆ. ನಿನ್ನೆ ನಿನ್ನ ಕ್ಷಮಾಪತ್ರಕ್ಕೆ ಸಹಿ ಹಾಕಿ ಬಂದು ಕೂತರು. ನಿನ್ನ ಪಾಲು ತುಂಬಿ ಕೊಟ್ಟೆ. ಮುಟ್ಟಲಿಲ್ಲ ಮಗಾ. ನನ್ನ ಮುಖವನ್ನೂ ನೋಡದೆ "ಉಪಕಾರ ಆಯ್ತು" ಅಂದರು. ಬರಬೇಡ.