ಸೊಟ್ಟ ಸೀಲಿನ ಮಜ್ಜಿಗೆ

ಫೆಬ್ರವರಿ 3, ಸಂಜೆ

ಫ್ಯಾಕ್ಟರಿಯಲ್ಲಿ ಪ್ಯಾಕೆಟ್ ಅಂಟಿಸುವ ಮೂರನೇ ಮೆಷಿನ್ ಇವತ್ತೂ ಕೈಕೊಟ್ಟಿತು. ಸೀಲ್ ಸೊಟ್ಟ. ನನ್ನ ಬುಟ್ಟಿಗೆ ಬಿದ್ದದ್ದೆಲ್ಲ ಡ್ಯಾಮೇಜೇ. ಮಸಾಲೆ ಮಜ್ಜಿಗೆಯ ವಾಸನೆ ಬಟ್ಟೆಗೆ ಅಂಟಿದೆ, ಒಗೆದರೂ ಹೋಗುವುದಿಲ್ಲ.

ಮನೆಗೆ ಬಂದರೆ ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿ ಕುಳಿತಿದ್ದರು. ಬೆಳಿಗ್ಗೆ ಮಾಡಿಟ್ಟು ಹೋದ ಗಂಜಿ ಹಾಗೇ ಇತ್ತು, ಮೇಲೆ ಪದರ ಕಟ್ಟಿಕೊಂಡು. ಆಸ್ಪತ್ರೆಯಿಂದ ಬಂದ ಮೇಲೆ ದಿನವೂ ಹೀಗೇ. ಹಾರ್ಟ್ ವೀಕ್ ಆಗಿದೆ, ಊಟದಲ್ಲಿ ಉಪ್ಪು ಬೇಡವೇ ಬೇಡ ಎಂದಿದ್ದಾರೆ ಡಾಕ್ಟರ್. ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ನಾವೂ ಸಪ್ಪೆಯೇ ತಿನ್ನುತ್ತೇವೆ. ಅದು ಅವರ ಕಣ್ಣಿಗೆ ಬೀಳುವುದಿಲ್ಲ.

"ಗೋಡೆ ನೆಕ್ಕಿದ ಹಾಗಿದೆ ನಿನ್ನ ಅಡುಗೆ. ಗೋಡೆಗಾದ್ರೂ ಸುಣ್ಣದ ರುಚಿ ಇರುತ್ತೆ."

ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಉತ್ತರ ತೋಚಿದರೂ ಬಾಯಿಗೆ ಬರುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವರ ಎದುರು ನಾನು ಆಡಿದ್ದು ಹೂಂ, ಉಹೂಂ... ಅಷ್ಟೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯಲು ಹೇಗೋ ಬರುತ್ತದೆ, ಮಾತಾಡಲು ಬರುವುದಿಲ್ಲ. ಅದಕ್ಕೇ ಈ ನೋಟ್‌ಬುಕ್.

ಅತ್ತೆಯ ಪಾದ ಊದಿದೆ. ಚಪ್ಪಲಿಯ ಪಟ್ಟಿ ಒತ್ತುತ್ತದೆ ಎಂದು ಕತ್ತರಿಸಿ, ಸಡಿಲವಾಗಿ ದಾರ ಕಟ್ಟಿಕೊಟ್ಟೆ. ಅದಕ್ಕೂ ಒಂದು ಮಾತು— ಒಳ್ಳೆ ಚಪ್ಪಲಿ ಹಾಳು ಮಾಡಿದಳು ಎಂದು.

ಫೆಬ್ರವರಿ 5

ಸೀಲ್ ಸೊಟ್ಟಗಿದ್ದು ಸೋರದೇ ಇದ್ದ ಪ್ಯಾಕೆಟ್ಟನ್ನು ನಾವು ಮನೆಗೆ ಒಯ್ಯಬಹುದು. ನಾನು ಎಂದೂ ತಂದವಳಲ್ಲ, ಕೇಳಲು ನಾಚಿಕೆ. ಇವತ್ತು ಸೂಪರ್‌ವೈಸರ್ ತಾವೇ ಕೈಗೆ ತುರುಕಿದರು.

ಗಂಜಿ ಮುಟ್ಟದ ಅತ್ತೆ ಪ್ಯಾಕೆಟ್ ಮೂಲೆ ಹಲ್ಲಿನಿಂದ ಕಚ್ಚಿ ಹರಿದರು. ಒಂದೇ ಉಸಿರಿಗೆ ಮುಗಿಸಿದರು. ಆಮೇಲೆ ಪ್ಯಾಕೆಟ್ ಹಿಂಡಿ ಕೊನೆಯ ಹನಿಯನ್ನೂ ನೆಕ್ಕಿದರು.

"ಬಾ, ಇಲ್ಲಿ ಕೂತ್ಕೋ. ಯಾಕೆ ಯಾವಾಗಲೂ ಬಾಗಿಲಿಗೆ ಆತ್ಕೊಂಡು ನಿಲ್ತೀಯ, ಸಾಲ ಕೇಳೋಕೆ ಬಂದವಳ ಹಾಗೆ."

ಕೂತೆ. ಮಂಚದ ತುದಿಯಲ್ಲಿ.

ಫೆಬ್ರವರಿ 12

ಈಗ ದಿನವೂ ತರುತ್ತೇನೆ. ಒಮ್ಮೊಮ್ಮೆ ಎರಡು, ಮೂರು. ನಾನು ಬರುವ ಹೊತ್ತಿಗೆ ಅತ್ತೆ ಲೋಟ ತೊಳೆದು ಕಿಟಕಿಯ ಮೇಲೆ ಇಟ್ಟಿರುತ್ತಾರೆ.

ಊಟ ಇನ್ನೂ ಕಡಿಮೆಯಾಗಿದೆ. ಹೊಟ್ಟೆ ತುಂಬಿದೆ ಅನ್ನುತ್ತಾರೆ. ಹೋಗಲಿ, ಮಜ್ಜಿಗೆಯಾದರೂ ಹೋಗುತ್ತಿದೆಯಲ್ಲ. ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಇದೆ— ತಂಪು, ಹಗುರ, ಆರೋಗ್ಯ. ಹಾಲಿನಿಂದ ಆದದ್ದು. ಮೈಗೆ ಶಕ್ತಿ ಬರದೇ ಎಲ್ಲಿ ಹೋಗುತ್ತದೆ?

ಇವತ್ತು ಅವರ ಕಥೆ ಹೇಳಿದರು. ವಯಸ್ಸಿನಲ್ಲಿ ಮಿಲ್ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರಂತೆ. ದೊಡ್ಡ ಪಾತ್ರೆ, ಏಣಿ ಹತ್ತಿ ಕಲಕಬೇಕು. ರುಚಿ ನೋಡುವುದೇ ಬೇಕಿರಲಿಲ್ಲವಂತೆ, ಆವಿ ಮೂಗಿಗೆ ಬಡಿದರೆ ಸಾಕು, ಉಪ್ಪು ಹೆಚ್ಚೋ ಕಡಿಮೆಯೋ ಗೊತ್ತಾಗುತ್ತಿತ್ತಂತೆ. ಮ್ಯಾನೇಜರ್ ಪರೀಕ್ಷೆ ಮಾಡಲು ಕಣ್ಣಿಗೆ ಬಟ್ಟೆ ಕಟ್ಟಿದನಂತೆ. ಅತ್ತೆ ಆ ಕಟ್ಟು ಬಿಚ್ಚಿ, ಮೂಗಿಗೆ ಕಟ್ಟಬೇಕಿತ್ತು ಸಾರ್ ಅಂದರಂತೆ. ನಗು ಬಂತು. ಗಟ್ಟಿಯಾಗಿ ನಕ್ಕುಬಿಟ್ಟೆ. ನನ್ನ ದನಿ ನನಗೇ ಹೊಸದು.

ನಾನೂ ಹೇಳಿದೆ. ಮೆಷಿನ್ ಬಗ್ಗೆ, ಚಿಕ್ಕವಳಿದ್ದಾಗ ಬಾವಿಗೆ ಬಿದ್ದ ಬಗ್ಗೆ. ಇಷ್ಟೆಲ್ಲ ಮಾತು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಕೇಳಿದರು.

ಫೆಬ್ರವರಿ 21

ಆಸ್ಪತ್ರೆಗೆ ಹೋಗಿದ್ದೆವು. ನಮ್ಮ ಮನೆಯವರು ಲೋಡ್ ವ್ಯಾನ್ ತೆಗೆದುಕೊಂಡು ಊರೂರು ತಿರುಗುವವರು, ಇವತ್ತೂ ಇರಲಿಲ್ಲ. ನಾನೊಬ್ಬಳೇ ಕರೆದುಕೊಂಡು ಹೋದೆ.

ಊತ ಮೊಣಕಾಲಿಗೆ ಬಂದಿದೆ. ಡಾಕ್ಟರ್ ಬೆರಳು ಒತ್ತಿದರು. ಹಿಟ್ಟಿನಲ್ಲಿ ಬೆರಳು ಊರಿದ ಹಾಗೆ ಗುಳಿ ಹಾಗೇ ಉಳಿಯಿತು. ನನ್ನ ಕಡೆ ತಿರುಗಿದರು. ಅಡುಗೆ ಯಾರದು, ಉಪ್ಪು ಹಾಕುತ್ತೀಯಾ, ನಿಜ ಹೇಳು ಎಂದರು. ಉಹೂಂ ಎಂದು ತಲೆಯಾಡಿಸಿದೆ. ಎಲ್ಲರೂ ನೋಡುತ್ತಿದ್ದರು.

ಅತ್ತೆಯೇ ಬಾಯಿ ಹಾಕಿದರು. "ಅವಳನ್ನ ಯಾಕೆ ಗದರಿಸ್ತೀರಿ ಡಾಕ್ಟ್ರೇ? ಅವಳ ಅಡುಗೆ ತಿಂದು ನೋಡಿ, ನೀವೇ ಅಳ್ತೀರಿ."

ಡಾಕ್ಟರ್ ನಗಲಿಲ್ಲ. ಮತ್ತೇನು ಕುಡಿಯುತ್ತೀರಿ ಎಂದು ಕೇಳಿದರು. ನೀರು, ಅಷ್ಟೇ ಎಂದರು ಅತ್ತೆ. ಮಜ್ಜಿಗೆಯೂ ನೀರಿನ ಲೆಕ್ಕವೇ ತಾನೇ ಅಂದುಕೊಂಡು ನಾನೂ ಸುಮ್ಮನಾದೆ. ಮಾತ್ರೆ ಜಾಸ್ತಿ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಅತ್ತೆ ನನ್ನ ತೋಳು ಹಿಡಿದು ನಡೆದರು. ಇದೇ ಮೊದಲ ಸಲ.

ಮಾರ್ಚ್ 9, ಮಧ್ಯಾಹ್ನ, ಫ್ಯಾಕ್ಟರಿ

ಮಿಕ್ಸಿಂಗ್ ರೂಮಿಗೆ ಹಾಕಿದ್ದಾರೆ. ಅಲ್ಲಿದ್ದವಳು ಹೆರಿಗೆಗೆ ಹೋದಳು. ಅಲ್ಲಿನ ದೊಡ್ಡಕ್ಕನಿಗೆ ಎಲ್ಲರೂ ಡ್ರಮ್ಮಕ್ಕ ಅನ್ನುತ್ತಾರೆ. ಅವರೂ ಹಾಗೆಯೇ ಓಗೊಡುತ್ತಾರೆ.

ಇಷ್ಟು ದಿನ ಪ್ಯಾಕೆಟ್ಟಿನ ಅಂಚು ನೋಡಿಕೊಂಡಿದ್ದೆ. ಒಳಗೆ ಏನು ತುಂಬುತ್ತದೆ ಎಂದು ನೋಡಿರಲಿಲ್ಲ.

ಟ್ಯಾಂಕಿಗೆ ಮೊದಲು ನೀರು. ಆಮೇಲೂ ನೀರು. ಮೊಸರು ಬಿಟ್ಟದ್ದು ನೋಡಿ, ಇಷ್ಟೇನಾ ಎನಿಸಿತು. ತೆಳ್ಳಗೆ ಕಾಣಬಾರದೆಂದು ಒಂದು ಬಿಳಿ ಪುಡಿ, ಅದು ಬಿದ್ದದ್ದೇ ನೀರು ಮೈ ತುಂಬಿಕೊಂಡಿತು. ಶುಂಠಿ, ಜೀರಿಗೆ ಅಂದರೆ ಕ್ಯಾನಿನ ಒಳಗಿನ ಎಣ್ಣೆ. ಇಡೀ ರೂಮಿನಲ್ಲಿ ಜೀರಿಗೆ ಕಾಳು ಒಂದೂ ಕಾಣಲಿಲ್ಲ. ಆಮೇಲೆ ಡ್ರಮ್ಮಕ್ಕ ಮೂಟೆ ಹಿಡಿ ಎಂದರು. ಒಂದು ತುದಿ ಅವರು, ಒಂದು ತುದಿ ನಾನು. ಭಾರಕ್ಕೆ ಸೊಂಟ ಹಿಡಿಯಿತು. ಉಪ್ಪು. ಸುರಿಯುತ್ತಲೇ ಇತ್ತು.

ಇಷ್ಟೊಂದಾ ಎಂದು ಕೇಳಿದೆ.

"ಮತ್ತೆ? ನೀರಿಗೆ ಇನ್ನೆಲ್ಲಿಂದ ಬರಬೇಕು ರುಚಿ? ಒಂದು ಕುಡಿದವರಿಗೆ ಇನ್ನೊಂದು ಬೇಕು ಅನ್ನಿಸ್ಬೇಕಲ್ಲ."

ಬೆರಳ ಸಂದಿಯ ಬಿರುಕುಗಳು ಉರಿಯತೊಡಗಿದವು. ಕೈ ತೊಳೆಯದೆ ನಿಂತೇ ಇದ್ದೆ. ಕಣ್ಣ ಮುಂದೆ ಅಟ್ಟದ ಮೇಲಿನ ಡಬ್ಬಿ.

ಮಜ್ಜಿಗೆಗೆ ಉಪ್ಪು ಹಾಕುತ್ತಾರೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನೂ ಕುಡಿದಿದ್ದೇನೆ. ಆದರೆ ಡಾಕ್ಟರ್ ಹೇಳಿದ್ದು ಊಟದ ಉಪ್ಪು. ಮಜ್ಜಿಗೆ ಊಟವಲ್ಲ, ತಂಪಿಗೆ ಕುಡಿಯುವುದು. ಹಾಗೆಂದೇ ತಿಳಿದಿದ್ದೆ. ಪಲ್ಯದ ಚಿಟಿಕೆ ತಡೆದು, ಇದನ್ನು ನನ್ನ ಕೈಯಾರೆ...

ಅದೇ ದಿನ, ಸಂಜೆ

ಹೇಳಲಿಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಕಿಟಕಿಯ ಮೇಲೆ ಲೋಟ ಇತ್ತು. ನನ್ನ ಹೆಜ್ಜೆ ಸಪ್ಪಳಕ್ಕೇ ಅತ್ತೆ ಎದ್ದು ಕುಳಿತರು. ಚೀಲಕ್ಕೆ ಕೈ ಹಾಕಿದರು— ಬೆಳಿಗ್ಗೆ ಯಾರೋ ಕೊಟ್ಟ ಪ್ಯಾಕೆಟ್ ಅದರಲ್ಲೇ ಇತ್ತು. ತೆಗೆದು ಬಿಸಾಡಬಹುದಿತ್ತು. ನೋಡುತ್ತ ನಿಂತೆ. ಕುಡಿದರು.

ಮಾರ್ಚ್ 10

ಡ್ಯಾಮೇಜ್ ಇಲ್ಲ, ಮೆಷಿನ್ ರಿಪೇರಿ ಆಯಿತು ಎಂದೆ.

ಲೋಟ ತೆಗೆದು ಒಳಗಿಟ್ಟರು. ಗೋಡೆ ಕಡೆ ತಿರುಗಿ ಮಲಗಿದರು.

ಮಾರ್ಚ್ 13

ಮೂರು ದಿನದಿಂದ ಮಾತಿಲ್ಲ. ಗಂಜಿಯೂ ಇಲ್ಲ. ನಾನು ಮತ್ತೆ ಬಾಗಿಲಿಗೆ ಆತುಕೊಂಡು ನಿಲ್ಲುತ್ತಿದ್ದೇನೆ. ನಿಜ ಹೇಳಿದರೆ, ಇಷ್ಟು ದಿನ ವಿಷ ಕೊಟ್ಟೆಯಾ ಎಂದು ಕೇಳುತ್ತಾರೆ. ಆಗ ನಾನು ಏನು ಹೇಳಲಿ?

ಮಾರ್ಚ್ 14

ಮನೆಯಲ್ಲೇ ಮಾಡಿದೆ. ಗಟ್ಟಿ ಮೊಸರು ಕಡೆದೆ. ಶುಂಠಿ ಜಜ್ಜಿದೆ, ಜೀರಿಗೆ ಹುರಿದು ಪುಡಿ ಮಾಡಿದೆ, ನಿಂಬೆ ಹಿಂಡಿದೆ. ಉಪ್ಪಿಲ್ಲ. ಹಳೆಯ ಪ್ಯಾಕೆಟ್ ತೊಳೆದು ಅದರಲ್ಲಿ ತುಂಬಿಸಿ, ಅವರ ಎದುರೇ ಲೋಟಕ್ಕೆ ಬಗ್ಗಿಸಿದೆ.

ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ತುಂಬಾ ಹೊತ್ತು. ಆಮೇಲೆ ಲೋಟ ಖಾಲಿ ಮಾಡಿದರು.

ನಂಬಿದರು ಅಂದುಕೊಂಡೆ.

ಮಾರ್ಚ್ 18

ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಸಿಕ್ಕಿತು. ಖಾಲಿ ಪ್ಯಾಕೆಟ್‌ಗಳು, ಮಡಚಿ ಮಡಚಿ ಟ್ರಂಕಿನ ಹಿಂದೆ ತುರುಕಿದ್ದು. ನಾನು ತಂದವೇ ಇರಬೇಕೆಂದು ಬಿಡಿಸಿ ನೋಡಿದೆ. ಸೀಲ್ ನೇರ. ಅಡಿಕೋಲು ಇಟ್ಟು ಗೆರೆ ಎಳೆದ ಹಾಗೆ ನೇರ. ನಾನು ತಂದದ್ದಕ್ಕೆ ಅಂಥ ಅಂಚು ಇರಲಿಲ್ಲ. ಇದು ಅಂಗಡಿಯ ಮಾಲು.

ಇವರು ಮನೆಯಲ್ಲೇ ಇದ್ದರು, ಕೈಕಾಲು ತೊಳೆಯುತ್ತಿದ್ದರು. ಕೇಳಿದೆ. ಅಮ್ಮ ಕೇಳಿತು, ತಂದುಕೊಟ್ಟೆ, ಮಜ್ಜಿಗೆ ತಾನೇ ಎಂದರು. ನಾನು ಹೇಳಿದೆ. ಮೂಟೆ, ಟ್ಯಾಂಕ್, ಅತ್ತೆಯ ಕಾಲಿನ ಗುಳಿ, ಎಲ್ಲ. ಇವರ ಎದುರು ಇಷ್ಟು ಉದ್ದ ಮಾತು ಎಂದೂ ಆಡಿರಲಿಲ್ಲ. ಇವರು ನಲ್ಲಿ ನಿಲ್ಲಿಸಿ ನನ್ನನ್ನೇ ನೋಡಿದರು.

"ಇಷ್ಟು ದಿನ ತಂದುಕೊಟ್ಟವಳು ನೀನೇ ಅಲ್ವೇನೇ?"

ಬೈಯಲಿಲ್ಲ. ಅಷ್ಟೇ ಕೇಳಿದರು.

ಮಾರ್ಚ್ 19, ಬೆಳಿಗ್ಗೆ

ಕೆಲಸಕ್ಕೆ ಹೋಗಲಿಲ್ಲ. ಅತ್ತೆಗೆ ಮಲಗಲು ಆಗುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಬೆನ್ನಿಗೆ ದಿಂಬು ಪೇರಿಸಿ ಕೂರಿಸಿದ್ದೇನೆ. ಇವರು ಗಾಡಿ ತರಲು ಹೋಗಿದ್ದಾರೆ.

ಮಂಚದ ತುದಿಯಲ್ಲಿ ಕೂತು ಹೇಳಿಬಿಟ್ಟೆ. ಆ ಮಜ್ಜಿಗೆ ತುಂಬ ಉಪ್ಪೇ ಅತ್ತೆ, ನನಗೆ ತಿಳಿಯಲಿಲ್ಲ, ತಿಳಿದ ದಿನವೂ ಕೊಟ್ಟೆ ಎಂದೆ.

ಅತ್ತೆ ಉಸಿರು ಎಳೆದುಕೊಂಡು, ನಿಲ್ಲಿಸಿ ನಿಲ್ಲಿಸಿ ಮಾತಾಡಿದರು.

"ಕ್ಯಾಂಟೀನ್‌ನಲ್ಲಿ ಅಷ್ಟು ವರ್ಷ ಕುದ್ದವಳು ನಾನು. ಮೊದಲನೇ ಗುಟುಕಿಗೇ ಗೊತ್ತಾಯ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾಲಿಗೆ ಕೇಳ್ತು, ಕುಡಿದೆ. ಅದು ನನ್ನ ತಪ್ಪು. ಇನ್ನೊಂದು... ಹೇಳಿದ್ರೆ ನೀನು ತರೋದು ನಿಲ್ಲಿಸ್ತಿದ್ದೆ. ಮತ್ತೆ ಬಾಗಿಲಿಗೆ ಆತ್ಕೋತಿದ್ದೆ. ಪ್ಯಾಕೆಟ್ ಇದ್ರೇ ತಾನೇ ನಿನಗೆ ಬಾಯಿ."

ಅಳು ಬಂತು. ನನ್ನ ಒರಟು ಬೆರಳು ಹಿಡಿದು ಸವರಿದರು. ಆಮೇಲೆ ಅಂದರು—

"ನೀನು ಮನೇಲಿ ಮಾಡಿದ ಮಜ್ಜಿಗೆ ಕೆಟ್ಟದಾಗೇನೂ ಇರಲಿಲ್ಲ. ಜೀರಿಗೆ ಸೀದಿತ್ತು. ಇನ್ನೊಂದ್ಸಲ ಉರಿ ಸಣ್ಣ ಇಟ್ಕೋ."

ಗಾಡಿ ಬಂತು.

ಮಾರ್ಚ್ 23, ಬೆಳಿಗ್ಗೆ, ಆಸ್ಪತ್ರೆ

ಇಲ್ಲಿಗೆ ಬಂದಾಗಿನಿಂದ ಬರೆದಿಲ್ಲ. ನಿನ್ನೆ ಸಂಜೆ ಅತ್ತೆಯ ಮುಖಕ್ಕೆ ಹಾಕಿದ್ದ ಆಕ್ಸಿಜನ್ ತೆಗೆದಿದ್ದರು. ಅತ್ತೆ ಎರಡು ಮಾತಾಡಿದರು. ಬಾಯಿ ಕೆಟ್ಟಿದೆ, ಆ ಸಪ್ಪೆ ಮಜ್ಜಿಗೆ ತಾ ಎಂದರು. ಡಾಕ್ಟರನ್ನು ನಾನೇ ಹೋಗಿ ಕೇಳಿದೆ. ಈ ಸಲ ಪ್ಯಾಕೆಟ್ ವಿಷಯವನ್ನೂ ಹೇಳಿದೆ. ಉಪ್ಪಿಲ್ಲದ ಮನೆಯದು ಒಂದೆರಡು ಚಮಚ ಪರವಾಗಿಲ್ಲ ಎಂದರು.

ರಾತ್ರಿ ಮನೆಗೆ ಹೋಗಿ, ಬೆಳಿಗ್ಗೆ ಬೇಗ ಎದ್ದು ಮಾಡಿದೆ. ಉರಿ ಸಣ್ಣ ಇಟ್ಟು ಜೀರಿಗೆ ಹುರಿದೆ. ಸೀಯಲಿಲ್ಲ. ಬಣ್ಣ ತಿರುಗಿದ ಕೂಡಲೇ ಇಳಿಸಿದೆ. ಬಾಟಲಿಗೆ ಹಾಕಿ ಒದ್ದೆ ಬಟ್ಟೆ ಸುತ್ತಿ ತಂದಿದ್ದೇನೆ. ಇನ್ನೂ ತಣ್ಣಗಿದೆ.

ವಾರ್ಡಿನ ಬಾಗಿಲು ಇನ್ನೂ ತೆಗೆದಿಲ್ಲ. ಹೊರಗೆ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಇವರು ಒಳಗಿದ್ದಾರೆ, ಹೊರಗೆ ಬಂದಿಲ್ಲ. ಇವತ್ತು ಅತ್ತೆಗೆ ಹೇಳಬೇಕೆಂದುಕೊಂಡದ್ದು ಬಹಳ ಇದೆ. ಡ್ರಮ್ಮಕ್ಕನ ಹೆಸರು ಕೇಳಿದರೆ ನಗುತ್ತಾರೆ, ಅದನ್ನು ಇನ್ನೂ ಹೇಳಿಲ್ಲ.

ಬಾಗಿಲು ತೆಗೆದರು. ಇವರು ಒಳಗೇ ಗೋಡೆಗೆ ತಲೆಯಿಟ್ಟು ಅಳುತ್ತಿದ್ದಾರೆ. ನರ್ಸ್ ನನ್ನ ಕಡೆಗೇ ಬರುತ್ತಿದ್ದಾರೆ. ಕೈಯಲ್ಲಿ ಅತ್ತೆಯ ಬಟ್ಟೆ ಚೀಲ, ಅದರ ಮೇಲೆ ದಾರ ಕಟ್ಟಿದ ಆ ಚಪ್ಪ—