ಹಿಂದಿನ ಚಕ್ರದ ಒದ್ದೆ

12 ನವೆಂಬರ್, ಬುಧವಾರ. ತಿರುಪ್ಪೂರು

ಮೂರು ಸಲ ಸೋಪು ಹಾಕಿ ತೊಳೆದರೂ ಬೆರಳಿನ ಜಿಡ್ಡು ಹೋಗಿಲ್ಲ. ಹೋಗಿದೆಯೋ ಏನೋ, ನನಗೇ ಹಾಗನ್ನಿಸುತ್ತಿದೆ.

ನಾಳೆ ಕಾರಿನಲ್ಲಿ ದಿಂಬಂ ಘಾಟಿ ಹತ್ತಿ ಚಾಮರಾಜನಗರಕ್ಕೆ, ನನ್ನ ತವರಿಗೆ ಹೋಗಬೇಕಿತ್ತು. ಬ್ಯಾಗಿಗೆ ಬಟ್ಟೆಯನ್ನೂ ತುಂಬಿದ್ದೆ. ಸಂಜೆ ನೋಡಿದರೆ ಹಿಂದಿನ ಎಡಚಕ್ರದ ಕೆಳಗೆ ಒದ್ದೆ. ತಿಂಗಳಿಂದ ಕಾಣುತ್ತಲೇ ಇತ್ತು.

"ಅಮ್ಮ ಶುಕ್ರವಾರ ಪೂಜೆಗೆ ಚಕ್ರದಡಿ ಇಟ್ಟ ನಿಂಬೆಹಣ್ಣಿನ ರಸ ತಾನೇ ಅದು, ವಿಡು, ಬಿಟ್ಟುಬಿಡು," ಎಂದರು ಇವರು, ಫೋನಿನಿಂದ ತಲೆಯೆತ್ತದೆ. ಶುಕ್ರವಾರದ ರಸ ಬುಧವಾರದವರೆಗೆ ಒಣಗದೆ ಇರುತ್ತದೆಯೇ? ಮೈಯೆಲ್ಲ ಉರಿಯಿತು.

ಬನಿಯನ್ ಕಂಪನಿಯಿಂದ ತಂದಿದ್ದ ಬಿಳಿ ಬಟ್ಟೆಯ ತುಂಡನ್ನು ಚಕ್ರದ ಕೆಳಗೆ ಹಾಸಿದೆ. ಕಾರಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದೆ. ಪೆಡಲ್ ಮೆಲ್ಲಗೆ ಕೆಳಕ್ಕಿಳಿಯುತ್ತಾ ಹೋಯಿತು. ಇಳಿದು ನೋಡಿದರೆ ಬಟ್ಟೆಯ ಮೇಲೆ ಹಳದಿ ಕಲೆ. ಮುಟ್ಟಿದರೆ ಎಣ್ಣೆಯಂತೆ ಜಾರುತ್ತದೆ, ನಿಂಬೆಯ ವಾಸನೆಯೇ ಇಲ್ಲ. ಬಾನೆಟ್ ಎತ್ತಿದೆ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕೆಳಗಿನ ಗೆರೆಯನ್ನೂ ದಾಟಿ ಇಳಿದಿತ್ತು.

ಬಟ್ಟೆಯನ್ನು ಇವರ ಮುಂದೆ ಹಿಡಿದಾಗ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಹಿಂದಿನ ಚಕ್ರದ ಒದ್ದೆ ನಿಮ್ಮ ನಿಂಬೆಹಣ್ಣಿನದು ಅಂದುಕೊಂಡಿದ್ದೆವು ಎಂದಾಗ ಅತ್ತೆ ಗಾಬರಿಯಿಂದ ನನ್ನನ್ನೇ ನೋಡಿದರು.

"ಹಿಂದಿನ ಚಕ್ರಕ್ಕಾ? ಅದಕ್ಕೆ ನಾನು ಎಂದೂ ಹಣ್ಣು ಇಟ್ಟವಳೇ ಅಲ್ಲ, ಕಣ್ಣಮ್ಮಾ. ಮುಂದಿನ ಚಕ್ರಗಳಿಗೆ ಎರಡೇ. ಹಿಂದೆ ಗೋಡೆ ಸಂದಿಗೆ ಹೋಗಿ ಬಗ್ಗೋಕೆ ನನ್ನ ಕೈಲಿ ಆಗ್ತದಾ?"

ನಾವು ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಈ ತಿಂಗಳೆಲ್ಲ ಮಗಳು ಗೋಕಿಲಾಳನ್ನು ಇದೇ ಕಾರಿನಲ್ಲಿ ಶಾಲೆಗೆ ಬಿಟ್ಟಿದ್ದೇನೆ. ಹತ್ತುವಾಗ ದಿನವೂ ಆ ಒದ್ದೆಯನ್ನು ದಾಟಿಯೇ ಕಾಲಿಡುತ್ತಾಳೆ. ಪಾಟಿಯ, ಅಂದರೆ ಅಜ್ಜಿಯ, ಪೂಜೆಯದು, ತುಳಿಯಬೇಡ ಎಂದು ಹೇಳಿಕೊಟ್ಟವಳು ನಾನೇ.