ಗೇಟು ಮುಚ್ಚಿದ ಶುಕ್ರವಾರ

ಡೊಂಬಿವಲಿ (ಪೂರ್ವ)
೧೬ ಜುಲೈ ೧೯೭೮, ಭಾನುವಾರ

ಪ್ರೀತಿಯ ಸುಶೀಲಾ,

ಗದಗಿನ ಪಡಸಾಲೆಯಲ್ಲಿ ನೆರೆದಿರುವ ಮಹಾಜನರೇ! ಗೋಡೆಗೆ ಒರಗಿ ಕೂತ ಮಾವನವರೇ, ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತ ಅತ್ತೆಯವರೇ, ಗದ್ದಲ ಮಾಡದೆ ಕೇಳಿ! ಕಾಗದ ಬಂದರೆ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದುವುದು ನಿಮ್ಮ ಮನೆಯ ಪದ್ಧತಿ. ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದವನಿಗೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು? ಆದರೆ ಓದುವವಳು ನೀನೇ ಆದ್ದರಿಂದ ಮೊದಲು ನಿನ್ನ ಆರೋಗ್ಯ. ಕಾಲಿನ ಬಾವು ಇಳಿಯಿತೇ? ನಿದ್ದೆ ಬರುತ್ತದೆಯೇ? ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೀ, ಸರಿ. ಅಲ್ಲಿಯೂ ಅಟ್ಟ ಹತ್ತಿ ಡಬ್ಬಿ ಹುಡುಕಬೇಡ. ಇಲ್ಲಿ ನಾನು ಕ್ಷೇಮ. ಅನ್ನ ತಳ ಹಿಡಿದ ವಾಸನೆಗೆ ಚಾಳಿನ ಮಂದಿಯೆಲ್ಲ ಬಂದು ನನ್ನ ಅಡುಗೆಯನ್ನು ನೋಡಿಹೋಗುತ್ತಾರೆ.

ಧಾರವಾಡದ ಕಾಲೇಜಿನ ಕೆಲಸ ಒಪ್ಪುತ್ತೀರೋ ಇಲ್ಲವೋ ಎಂದು ಮಾವನವರು ಕೇಳಿದ್ದಾರೆ. ಅವರೇ ಓಡಾಡಿ ಗೊತ್ತು ಮಾಡಿದ ಕೆಲಸ. ಉತ್ತರ ಇಷ್ಟು ತಡವಾಗಬಾರದಿತ್ತು. ಕಾರಣ ಹೇಳುತ್ತೇನೆ. ನಮ್ಮ ಕಾಲೇಜಿನ ನಾವು ನಾಲ್ವರು ಮೇಷ್ಟರು ಹೊಸದೊಂದು ಬಿ.ಎ. ರೂಪಿಸುತ್ತಿರುವುದು ನಿನಗೆ ಗೊತ್ತೇ ಇದೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಎಂದು ಬೇರೆ ಬೇರೆ ಗಂಟೆಗೆ ಬೇರೆ ಬೇರೆ ಬಾಯಿಂದ ಕೇಳಿಸುವ ಬದಲು, ಜನರ ಬದುಕನ್ನೇ ಮುಂದಿಟ್ಟುಕೊಂಡು ಎಲ್ಲರೂ ಸೇರಿ ಕಲಿಸುವ ಪದವಿ. ವಾರಕ್ಕೊಂದು ದಿನ ಕ್ಲಾಸು ಊರೊಳಗೆ. ಅದನ್ನು ನೋಡಲು ವಿಶ್ವವಿದ್ಯಾಲಯದ ಸಮಿತಿಯವರು ಮೊನ್ನೆ ಶುಕ್ರವಾರ ಬಂದರು. ಕಾರ್ಖಾನೆ ತೋರಿಸುತ್ತೇನೆಂದು ನಾನು ದಂಡನಾಯಕನ ಹಾಗೆ ಮುಂದೆ ನಡೆದೆ. ಹೋಗಿ ನೋಡಿದರೆ ಗೇಟುಗಳಿಗೆಲ್ಲ ಬೀಗ! ಕರೆಂಟು ಉಳಿಸಲು ಈ ಕಡೆಯ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ. ಭಾನುವಾರ ರಜೆ ಉಣ್ಣುವ ಮೇಷ್ಟರು ನಾವು, ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ರಾಜ್ಯಶಾಸ್ತ್ರದ ಯಜ್ಞೇಶ್ವರ ರಾಯರು, ಉಡುಪಿಯವರು, ಕೊಡೆ ಮಡಚುತ್ತ ‘ಎಂತ ಮಾರಾಯ್ರೆ, ನಾಟಕದ ದಿನವೇ ಥಿಯೇಟರಿಗೆ ಬೀಗವಾ?’ ಎಂದರು. ಸಮಿತಿಯವರು ನಗಲಿಲ್ಲ.

ಮಳೆ ಬಂತೆಂದು ಎದುರಿನ ಚಾಳಿನ ಸೂರಿನ ಕೆಳಗೆ ನಿಂತೆವು. ಅಲ್ಲಿ ನಮ್ಮ ಕಡೆಯ ಈರವ್ವ ಎಂಬಾಕೆ ಎಲ್ಲರನ್ನೂ ಒಳಗೆ ಕರೆದು ಚಹಾ ಕೊಟ್ಟಳು. ‘ಇವತ್ತ ಬಂದದ್ದು ಚಲೋ ಆತ್ರೀ ಸರ. ಉಳದ ದಿನಾ ನನ್ನ ಗಂಡನ ಮಾರಿ ನನಗ ಕಾಣಂಗಿಲ್ಲ, ನಿಮಗ ಎಲ್ಲಿಂದ ತೋರಸ್ಲಿ?’ ಎಂದು ನಕ್ಕಳು. ಗಂಡ ಶಿವಪ್ಪ ಬಣ್ಣದ ಕಾರ್ಖಾನೆಯವನು. ರಜೆಯ ದಿನವೂ ಅವನ ಅಂಗೈ ನೀಲಿ. ನಮ್ಮ ಜೊತೆ ಬಂದಿದ್ದ ವಿದ್ಯಾರ್ಥಿನಿ ಜಯಲತಾ ಅವನ ಎದುರು ಕೂತು, ಓಟು ಇಲ್ಲಿ ಹಾಕುತ್ತೀರೋ ಊರಲ್ಲೋ ಎಂದು ಕೇಳಿದಳು. ‘ಊರಾಗ ಹೆಸರು ತಗದಾರ, ಇಲ್ಲಿ ಹಚ್ಚಿಲ್ಲ. ನಾ ಯಾವ ಊರಾಂವ ಅಂತ ಸಾಲಿ ಕಲ್ತವ್ರು ನೀವ ಹೇಳ್ರಿ’ ಎಂದ ಶಿವಪ್ಪ. ಯಜ್ಞೇಶ್ವರ ರಾಯರು ಅದನ್ನು ಸಮಿತಿಯವರಿಗೆ ಮರಾಠಿಯಲ್ಲಿ ಹೇಳಿದರು. ಇದು ಓಟಿನ ಮಾತೋ, ಕೂಲಿಯ ಮಾತೋ, ಬಿಟ್ಟು ಬಂದ ಊರಿನ ಮಾತೋ? ಇದನ್ನು ಕಲಿಸಲು ನಾಲ್ಕೂ ಶಾಸ್ತ್ರ ಒಟ್ಟಿಗೆ ಬೇಕು. ಹೊರಗೆ ಬಂದ ಮೇಲೆ ಸಮಿತಿಯ ಹಿರಿಯರು ನನ್ನ ಭುಜ ಮುಟ್ಟಿ, ‘ಸುರೂ ಕರಾ’, ಶುರು ಮಾಡಿ, ಎಂದರು. ಒಂದೇ ಷರತ್ತು: ಮೊದಲ ತಂಡ ಪದವಿ ಪಡೆಯುವವರೆಗೆ, ಅಂದರೆ ಮೂರು ವರ್ಷ, ನಾಲ್ವರಲ್ಲೊಬ್ಬರು ಕಾಲೇಜು ಬಿಡದೆ ಹೊಣೆ ಹೊರಬೇಕು.

ಧಾರವಾಡದ ವಿಷಯ ಮಾವನವರಿಗೆ ಬೇರೆಯೇ ಕಾಗದ ಬರೆಯುತ್ತೇನೆ. ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ನಿನಗೂ ಹೊಟ್ಟೆಯೊಳಗಿನ ಅತಿಥಿಗೂ ನನ್ನ ಅಕ್ಕರೆ.

ಇಂತು ನಿನ್ನ
ಬಾಳಪ್ಪ

ತಾ.ಕ.: ಸುಶೀಲಾ, ಇದನ್ನು ಗಟ್ಟಿಯಾಗಿ ಓದಬೇಡ. ಆ ಮೂರು ವರ್ಷದ ಹೊಣೆಗೆ ಉಳಿದ ಮೂವರು ಮೇಷ್ಟರೂ ಒಪ್ಪಲಿಲ್ಲ. ನಾನು ಧಾರವಾಡಕ್ಕೆ ಬರಲಾರೆ. ‘ಕೂಸು ಅಂಗಳದಾಗ ಆಡಬೇಕ್ರಿ, ಪ್ಲಾಟ್‌ಫಾರ್ಮಿನ ಮ್ಯಾಲಲ್ಲ’ ಎಂದು ನೀನು ರೈಲಿನ ಕಿಟಕಿಯಿಂದ ಹೇಳಿದ್ದನ್ನು ಮರೆತು ಹೀಗೆ ಮಾಡುತ್ತಿಲ್ಲ. ಮೂರು ವರ್ಷ ತವರಲ್ಲೇ ಇರುತ್ತೇನೆಂದು ನೀನು ಹೇಳಿದರೂ ನಿನ್ನನ್ನು ದೂರಲಾರೆ. ಬಾ ಎಂದು ಕೇಳುವುದನ್ನು ಮಾತ್ರ ಬಿಡಲಾರೆ. ಬೇರೆಯವರ ಬಾಯಿಂದ ನಿನಗೆ ಇದು ತಿಳಿಯಬಾರದು. ಅದಕ್ಕೇ ನಾಳೆ ಬೆಳಿಗ್ಗೆ ಮೊದಲು ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ, ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೊಣೆ ನನ್ನದೆಂದು ಹೇಳುತ್ತೇನೆ.